ಹಳೇ ಶಾಲೆಯ ಹೆಂಚು ಕೆಲಸ: ಭಾನುವಾರ ಬನ್ನಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಮುದಾಯ ಭವನದ, ಅಂದರೆ ಹಳೇ ಶಾಲೆಯ, ಹೆಂಚು ಕೆಲಸ ಈ ಭಾನುವಾರ ಬೆಳಿಗ್ಗೆ 8ಕ್ಕೆ ಶುರು. ಮಳೆ ಹಿಡಿಯುವ ಮೊದಲು ಮುಗಿಯಬೇಕು. ಅವತ್ತು ಭವನ ಬೇರೆ ಕಾರ್ಯಕ್ರಮಕ್ಕೆ ಸಿಗುವುದಿಲ್ಲ.

ಒಡೆದ ಹೆಂಚು ಮಾತ್ರ ಬದಲಾಯಿಸೋಣ. ಗಟ್ಟಿ ಇರುವುದನ್ನು ಸುಮ್ನೆ ಎಸೆಯಬೇಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದರಲ್ವಾ, ಅದೇ ಜಾತಿಯ ಹೆಂಚು ಇದು. ಪಾಚಿ ಉಜ್ಜಿದರೆ ಹಿಂದೆ ಅಚ್ಚಿನ ಗುರುತು ಕಾಣುತ್ತದೆ.

ಗೋಡೆಯ ಬಿರುಕಿಗೆ ಸಿಮೆಂಟ್ ಬೇಡವೇ ಬೇಡ. ಸುಣ್ಣದ ಗಾರೆಯಾದರೆ ತೇವ ಹೊರಗೆ ಆರುತ್ತದೆ. ಸಿಮೆಂಟ್ ಮೆತ್ತಿದರೆ ಒಳಗೇ ನಿಂತು, ನಮ್ಮ ಕೊಡಗಿನ ಮಳೆಗೆ ಗೋಡೆ ಉದುರುತ್ತದೆ. ಹೋದ ವರ್ಷ ಮೆತ್ತಿದವನು ನಾನೇ, ಬೈಯಬೇಡಿ!

ಏಣಿ, ಬ್ರಷ್ ಇದ್ದವರು ತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಕಡಂಬುಟ್ಟಿಗೆ (ಅಕ್ಕಿ ತರಿಯ ಕಡುಬು) ಎಷ್ಟು ಜನ ಅಂತ ಲೆಕ್ಕ ಬೇಕು.