ಮಳೆಗಾಲದ ಬೆಳಗಿನ ಹಾರಾಟ: ಇಬ್ಬನಿ ಬಿಂದು ನೋಡಿಕೊಳ್ಳಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜಕ್ಕೂರು ವಿಮಾನ ಕ್ಷೇತ್ರದಿಂದ ಬೆಳಗ್ಗೆ ಸಣ್ಣ ವಿಮಾನ ಹಾರಿಸುವವರು ಮೆಟಾರ್‌ನಲ್ಲಿ (ವಿಮಾನ ನಿಲ್ದಾಣದ ಹವಾಮಾನ ವರದಿ) ತಾಪಮಾನದ ಪಕ್ಕದ ಅಂಕಿಯನ್ನೂ ನೋಡಿ. ಅದೇ ಇಬ್ಬನಿ ಬಿಂದು, ಅಂದರೆ ಗಾಳಿ ಎಷ್ಟಕ್ಕೆ ತಣಿದರೆ ಅದರ ತೇವ ನೀರಾಗತೊಡಗುತ್ತದೋ ಆ ತಾಪಮಾನ. 21/20 ಎಂದು ಎರಡೂ ಹತ್ತಿರವಿದ್ದರೆ ಗಾಳಿಯಲ್ಲಿ ತೇವ ತುಂಬಿದೆ ಎಂದರ್ಥ.

ನೀರಾವಿಯ ಅಣುತೂಕ 18, ಒಣಗಾಳಿಯದು ಸುಮಾರು 29. ಹಾಗಾಗಿ ತೇವದ ಗಾಳಿ ಹಗುರ, ಅದರಲ್ಲಿ ಆಮ್ಲಜನಕವೂ ಕಡಿಮೆ. ಎಂಜಿನ್ ಶಕ್ತಿ ತುಸು ತಗ್ಗುತ್ತದೆ. ನಮ್ಮೂರು ಮೊದಲೇ 3000 ಅಡಿ ಎತ್ತರದಲ್ಲಿದೆ, ಗಾಳಿ ತೆಳು, ಹಾಗಾಗಿ ಟೇಕಾಫ್ ಓಟ ಇನ್ನಷ್ಟು ಉದ್ದವಾಗುತ್ತದೆ.

ನನಗೆ ಹೆಚ್ಚು ಆತಂಕವಿರುವುದು ಗಾಳಿಗೆ ಇಂಧನ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಬಗ್ಗೆ. ಇಂಧನ ಆವಿಯಾಗುವಾಗ ಅದರೊಳಗಿನ ಗಾಳಿ 20 ಡಿಗ್ರಿಗೂ ಹೆಚ್ಚು ತಣಿಯಬಹುದು. ಹೊರಗೆ ಸೆಕೆಯಿದ್ದರೂ ಒಳಗೆ ಹಿಮ ಕಟ್ಟುತ್ತದೆ, ಅದರಲ್ಲೂ ಥ್ರಾಟಲ್ ತಗ್ಗಿಸಿ ಕೆಳಗಿಳಿಯುವಾಗ. ಕಾರಣವಿಲ್ಲದೆ ಆರ್‌ಪಿಎಂ (ಎಂಜಿನ್ ಸುತ್ತುವ ವೇಗ) ಕುಸಿದರೆ ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಗುಂಡಿಯನ್ನು ಪೂರ್ತಿ ಎಳೆಯಿರಿ. ಹಿಮ ಕರಗಿದ ನೀರು ಎಂಜಿನ್‌ಗೆ ಹೋಗುವಾಗ ಅದು ಮೊದಲಿಗಿಂತ ಒರಟಾಗಿ ಓಡುತ್ತದೆ. ಆಗ ಗಾಬರಿಯಾಗಿ ಹೀಟ್ ಆಫ್ ಮಾಡಬೇಡಿ, ದಯವಿಟ್ಟು. ಆರ್‌ಪಿಎಂ ಮತ್ತೆ ಏರುವವರೆಗೆ ಕಾಯಿರಿ.

ಇನ್ನೊಂದು: ಟ್ಯಾಂಕ್ ಅರ್ಧ ಖಾಲಿಯಿದ್ದರೆ ರಾತ್ರಿ ಒಳಗೋಡೆಯಲ್ಲಿ ನೀರು ಹನಿಗಟ್ಟುತ್ತದೆ. ಬೆಳಗ್ಗೆ ಪ್ರತಿ ಟ್ಯಾಂಕಿನ ತಳದಿಂದಲೂ ಇಂಧನ ತೆಗೆದು, ನೀರು ಬೆರೆತಿದೆಯೇ ಎಂದು ನೋಡಿಯೇ ಎಂಜಿನ್ ಸ್ಟಾರ್ಟ್ ಮಾಡಿ.