ಸ್ಕ್ರಿಪ್ಟ್ ಎಡಿಟರ್‌ನಲ್ಲಿ ಟೇಬಲ್, ಟ್ರಿಗರ್ ರಚಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಒರಾಕಲ್ ಎಸ್‌ಕ್ಯೂಎಲ್ ಡೆವಲಪರ್‌ನಲ್ಲಿ (ಒರಾಕಲ್ ಡೇಟಾಬೇಸ್‌ಗೆ ಕಮಾಂಡ್ ಬರೆದು ಓಡಿಸುವ ಸಾಫ್ಟ್‌ವೇರ್) ಇಡೀ ಸ್ಕ್ರಿಪ್ಟ್, ಅಂದರೆ ಬರೆದಿಟ್ಟ ಎಲ್ಲ ಕಮಾಂಡ್‌ಗಳನ್ನು ಓಡಿಸಲು ಎಫ್5 ಒತ್ತಿ. ಕಂಟ್ರೋಲ್-ಎಂಟರ್ ಒತ್ತಿದರೆ ಕರ್ಸರ್ ಇರುವ ಸ್ಟೇಟ್‌ಮೆಂಟ್ ಮಾತ್ರ ಓಡುತ್ತದೆ. ಮೊದಲು ಪೇರೆಂಟ್ ಟೇಬಲ್ ರಚಿಸಿ, ಆಮೇಲೆ ಫಾರಿನ್ ಕೀ (ಪೇರೆಂಟ್ ಟೇಬಲ್‌ನ ಸಾಲನ್ನು ಸೂಚಿಸುವ ಕಾಲಂ) ಇರುವ ಟೇಬಲ್.

ಹೆಚ್ಚಿನವರು ಎಡವುವುದು ಸ್ಲ್ಯಾಶ್‌ನಲ್ಲಿ. ಟ್ರಿಗರ್ (ಟೇಬಲ್ ಬದಲಾದಾಗ ತಾನಾಗಿ ಓಡುವ ಕೋಡ್), ಪ್ರೊಸೀಜರ್ (ಹೆಸರು ಕೊಟ್ಟು ಕರೆಯುವ ಕೋಡ್) ಮುಗಿದ ಮೇಲೆ ಮುಂದಿನ ಸಾಲಿನಲ್ಲಿ / ಒಂದೇ ಇರಬೇಕು. ಇಲ್ಲದಿದ್ದರೆ ಕೆಳಗಿನ ಸಾಲುಗಳೂ ಅದರೊಳಗೇ ಸೇರಿಹೋಗುತ್ತವೆ. ಆದರೆ ಕ್ರಿಯೇಟ್ ಟೇಬಲ್ ಕೊನೆಗೆ ಸೆಮಿಕೋಲನ್ ಜೊತೆ ಸ್ಲ್ಯಾಶನ್ನೂ ಹಾಕಿದರೆ ಅದೇ ಕಮಾಂಡ್ ಎರಡು ಸಲ ಓಡಿ ಒಆರ್‌ಎ-00955 (ಆ ಹೆಸರು ಈಗಾಗಲೇ ಬಳಕೆಯಲ್ಲಿದೆ ಎಂಬ ಎರರ್) ಬರುತ್ತದೆ. ಗಾಬರಿ ಬೇಡ, ಟೇಬಲ್ ಮೊದಲ ಸಲವೇ ಆಗಿರುತ್ತದೆ.

ಕಂಪೈಲೇಷನ್ ಎರರ್ ಅಂತ ಬಂದರೆ ‘ಶೋ ಎರರ್ಸ್’ ಕೊಟ್ಟು ಸಾಲಿನ ಸಂಖ್ಯೆ ನೋಡಿ. ಡ್ರಾಪ್ (ಟೇಬಲ್ ಇತ್ಯಾದಿ ಅಳಿಸುವ) ಸಾಲುಗಳನ್ನು ದಯವಿಟ್ಟು ಬೇರೆ ಫೈಲಿನಲ್ಲೇ ಇಡಿ: ಒರಾಕಲ್‌ನಲ್ಲಿ ಡಿಡಿಎಲ್ (ಕ್ರಿಯೇಟ್, ಡ್ರಾಪ್‌ನಂಥ ಕಮಾಂಡ್‌ಗಳು) ತಾನಾಗಿಯೇ ಕಮಿಟ್ ಆಗುತ್ತದೆ, ಅಂದರೆ ಕಾಯಂ ಆಗುತ್ತದೆ; ಬದಲಾವಣೆ ರದ್ದು ಮಾಡುವ ರೋಲ್‌ಬ್ಯಾಕ್ ಕೊಟ್ಟರೂ ವಾಪಸ್ ಬರುವುದಿಲ್ಲ.