ರಿಯಲ್‌ಮ್ಯೂಟೊನ ಬಿಟ್ಕೊಡ್ಬೇಡಿ, ಆದ್ರೆ ಮೂರು ವರ್ಷ ದಾಟ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಫಿಲಡೆಲ್ಫಿಯಾ ಪಕ್ಕದಲ್ಲೇ ನ್ಯೂಜೆರ್ಸಿಯಲ್ಲಿರೋ ನಿಮ್ಮ ಓದುಗ ನಾನು. ಐಪಿಎಲ್ ಹರಾಜು ಬಂದ್ರೆ ಯಾರಿಗೆ ಎಷ್ಟು ಕೋಟಿ ಸರಿ, ಯಾರಿಗೆ ಜಾಸ್ತಿ ಆಯ್ತು ಅಂತ ನಿಮ್ಮ ಪೇಪರ್‌ಗೆ ಪತ್ರ ಬರ್ತಾನೇ ಇರ್ತವೆ, ಈ 2025ರ ಡಿಸೆಂಬರಲ್ಲಿ ನಮ್ಮ ಕಡೆನೂ ಅಂಥದ್ದೇ ಚರ್ಚೆ ನಡೀತಿದೆ. ಫಿಲ್ಲೀಸ್ ಬೇಸ್‌ಬಾಲ್ ಟೀಮು ತನ್ನ ಕ್ಯಾಚರ್ ಜೆ.ಟಿ. ರಿಯಲ್‌ಮ್ಯೂಟೊನ ಮತ್ತೆ ಸೈನ್ ಮಾಡ್ಬೇಕಾ ಬೇಡ್ವಾ ಅಂತ. ಇಲ್ಲಿ ಎಷ್ಟೋ ಕನ್ನಡದ ಮನೆ ಮಕ್ಕಳು ಈ ಆಟ ನೋಡ್ಕೊಂಡೇ ಬೆಳೀತಿದಾರೆ, ಹಾಗಾಗಿ ಕನ್ನಡ ಪೇಪರಲ್ಲೂ ಇದರ ಮಾತು ಬರ್ಲಿ ಅಂತ ಬರೀತಿದೀನಿ. ನನ್ನ ಅಭಿಪ್ರಾಯ ಸ್ಪಷ್ಟ, ಮಾಡ್ಲೇಬೇಕು.

ಇಲ್ಲಿ ಹರಾಜು ಇರಲ್ಲ. ಮೇಜರ್ ಲೀಗಲ್ಲಿ 6 ವರ್ಷದ ಸರ್ವೀಸ್ ಆಗಿ ಕಾಂಟ್ರಾಕ್ಟೂ ಮುಗಿದಿದ್ರೆ ಆಟಗಾರ ಫ್ರೀ ಏಜೆಂಟ್, ಯಾವ ಟೀಮ್ ಜೊತೆ ಬೇಕಾದ್ರೂ ಮಾತಾಡ್ಬಹುದು. ರಿಯಲ್‌ಮ್ಯೂಟೊಗೆ ಫಿಲ್ಲೀಸ್‌ನವ್ರು 2021ರ ಜನವರಿಯಲ್ಲಿ 5 ವರ್ಷಕ್ಕೆ 11 ಕೋಟಿ 55 ಲಕ್ಷ ಡಾಲರ್ ಕೊಟ್ರು, ವರ್ಷದ ಸರಾಸರಿ ತಗೊಂಡ್ರೆ ಅಲ್ಲಿವರೆಗೂ ಯಾವ ಕ್ಯಾಚರ್‌ಗೂ ಅಷ್ಟು ಸಿಕ್ಕಿರ್ಲಿಲ್ಲ. ಈಗ ಅದು ಮುಗೀತು, ಬರೋ ಮಾರ್ಚ್‌ಗೆ ಅವನಿಗೆ 35 ತುಂಬುತ್ತೆ.

ಬೇಡ ಅನ್ನೋರ ಮಾತು ಸುಳ್ಳಲ್ಲ. 2022ರಲ್ಲಿ 22 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು 21 ಬೇಸ್ ಕದ್ದವನು, ಅಂದ್ರೆ ಬ್ಯಾಟರ್ ಬಾಲ್ ಹೊಡೆಯೋಕೆ ಮೊದಲೇ ಮುಂದಿನ ಬೇಸ್‌ಗೆ ಓಡಿ ಸೇರಿದವನು, ಈ ವರ್ಷ ಹೊಡೆದಿದ್ದು 12 ಹೋಮ್ ರನ್, 2024ರಲ್ಲಿ ಮಂಡಿ ಆಪರೇಷನ್ ಬೇರೆ ಆಗಿದೆ. ಆದ್ರೆ ಕ್ಯಾಚರ್‌ನ ಬರೀ ಬ್ಯಾಟ್ ನೋಡಿ ಅಳೆಯೋದು ನಂಗೆ ಒಪ್ಪಿಗೆ ಇಲ್ಲ. ವಿಕೆಟ್ ಕೀಪರ್ ಥರ ಅಂದ್ರೆ ನಮ್ಮೋರಿಗೆ ಬೇಗ ಗೊತ್ತಾಗುತ್ತೆ, ಆದ್ರೆ ಕ್ರಿಕೆಟಲ್ಲಿ ಯಾವ ಬಾಲ್ ಹಾಕ್ಬೇಕು ಅನ್ನೋದು ಬೌಲರ್ ಮತ್ತೆ ಕ್ಯಾಪ್ಟನ್ ತೀರ್ಮಾನ. ಇಲ್ಲಿ ಒಂದೊಂದು ಪಿಚ್‌ಗೂ, ಅಂದ್ರೆ ಎಸೆಯೋ ಒಂದೊಂದು ಬಾಲಿಗೂ, ಕ್ಯಾಚರ್ ಒಂದು ಸಣ್ಣ ಡಿವೈಸಲ್ಲಿ ಬಟನ್ ಒತ್ತುತ್ತಾನೆ, ಪಿಚರ್ (ಬಾಲ್ ಎಸೆಯೋನು) ಟೋಪಿ ಒಳಗಿನ ಸ್ಪೀಕರಲ್ಲಿ ಯಾವ ಪಿಚ್ಚು, ಎಲ್ಲಿಗೆ ಅಂತ ಕೇಳಿಸುತ್ತೆ. ಒಂದು ಮ್ಯಾಚಲ್ಲಿ ನೂರೈವತ್ತರ ಹತ್ರ ಪಿಚ್ಚು, ಅಷ್ಟೂ ಸಲ ಕುಕ್ಕರಗಾಲಲ್ಲಿ ಕೂತು ಏಳ್ಬೇಕು, ನಡುವೆ ಯಾವನೋ ಸೆಕೆಂಡ್ ಬೇಸ್‌ಗೆ ಓಡಿದ್ರೆ ಬಾಲ್ ಹಿಡಿದು, ಎದ್ದು, 127 ಅಡಿ ದೂರಕ್ಕೆ ಅದು ತಲುಪೋ ಹಾಗೆ ಎಸೀಬೇಕು, ಈ ಎಲ್ಲಾ ಸೇರಿ 2 ಸೆಕೆಂಡ್ ಅಂದ್ರೆ ಸಾಧಾರಣ ಕ್ಯಾಚರ್, ಇವನ ಒಳ್ಳೆ ವರ್ಷಗಳಲ್ಲಿ ಅದು 1.9ಕ್ಕೂ ಕಡಿಮೆ. 2023ರಿಂದ ಬೇಸ್ ದೊಡ್ಡದು ಮಾಡಿ, ಬೇಸಲ್ಲಿರೋ ಓಟಗಾರನ ಕಡೆ ಪಿಚರ್ ಎಷ್ಟು ಸಲ ತಿರುಗಿ ಎಸೀಬಹುದು ಅನ್ನೋದಕ್ಕೂ ಮಿತಿ ಹಾಕಿರೋದ್ರಿಂದ ಕದಿಯೋರು ಜಾಸ್ತಿ ಆಗಿದಾರೆ, ಹಾಗಾಗಿ ಆ ಕೈ ಬೆಲೆ ಹೆಚ್ಚಾಗಿದೆಯೇ ಹೊರತು ಕಡಿಮೆ ಆಗಿಲ್ಲ.

ಅಕ್ಟೋಬರ್ 9ರ ರಾತ್ರಿ ಲಾಸ್ ಏಂಜಲೀಸಲ್ಲಿ ಡಾಡ್ಜರ್ಸ್ ಮೇಲೆ ಆಡಿದ ಕೊನೇ ಮ್ಯಾಚ್ ನೋಡಿದೋರಿಗೆ ನಾನು ಹೇಳೋದು ಅರ್ಥ ಆಗುತ್ತೆ. ಹನ್ನೊಂದನೇ ಇನ್ನಿಂಗ್ಸ್, 1-1, ಮೂರೂ ಬೇಸ್ ಭರ್ತಿ, ಎರಡು ಔಟ್. ಅವ್ರ ಬ್ಯಾಟರ್ ಹೊಡೆದ ಬಾಲ್ ನೇರ ನಮ್ಮ ಪಿಚರ್ ಓರಿಯನ್ ಕರ್ಕರಿಂಗ್ ಹತ್ರ ಬಂತು, ಕೈಯಿಂದ ಜಾರ್ತು, ಎತ್ಕೊಂಡ. ಆಗ ರಿಯಲ್‌ಮ್ಯೂಟೊ ಫಸ್ಟ್ ಬೇಸ್ ಕಡೆ ಕೈ ತೋರಿಸ್ತಿದಾನೆ, ಅಲ್ಲಿಗೆ ಎಸೆದಿದ್ರೆ ಮೂರನೇ ಔಟ್ ಆಗಿ ಇನ್ನಿಂಗ್ಸ್ ಮುಗೀತಿತ್ತು. ಆ ಹುಡುಗ ಗಾಬರೀಲಿ ಹೋಮ್‌ಗೆ (ಬ್ಯಾಟರ್ ನಿಲ್ಲೋ ಕಡೆಗೆ) ಎಸೆದ, ಬಾಲ್ ಎಲ್ಲೋ ಹೋಯ್ತು, ಡಾಡ್ಜರ್ಸ್ ಗೆದ್ರು, ನಮ್ಮ ಸೀಸನ್ನೂ ಹೋಯ್ತು. ಅವನನ್ನ ಬೈಯೋಕೆ ನಂಗೆ ಮನಸ್ಸಿಲ್ಲ, ಐವತ್ತು ಸಾವಿರ ಜನ ಕಿರುಚೋವಾಗ ಯಾರಿಗಾದ್ರೂ ತಲೆ ಓಡಲ್ಲ. ಆದ್ರೆ ಅಂಥಾ ಹೊತ್ತಲ್ಲೂ ಇಡೀ ಫೀಲ್ಡ್ ಕಣ್ಣಲ್ಲಿಟ್ಕೊಂಡು ಸರಿಯಾದ ಕಡೆ ಕೈ ತೋರಿಸ್ತಿದ್ದೋನು ಯಾರು ನೋಡಿ.

ಹೊಸ ಕ್ಯಾಚರ್ ತಂದ್ರಾಯ್ತು ಅನ್ನೋರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಟೀಮಿನ ಕಥೆ ನೆನಪಿಸ್ಕೊಳ್ಳಿ. 19 ಸೀಸನ್ ಆಡಿದ ಯಾಡಿಯರ್ ಮೊಲಿನಾ ಜಾಗಕ್ಕೆ ಕಾರ್ಡಿನಲ್ಸ್ 2022ರ ಡಿಸೆಂಬರಲ್ಲಿ ವಿಲ್ಸನ್ ಕಾಂಟ್ರೆರಾಸ್‌ನ 5 ವರ್ಷಕ್ಕೆ 8 ಕೋಟಿ 75 ಲಕ್ಷ ಡಾಲರ್ ಕೊಟ್ಟು ತಂದ್ರು. ಬ್ಯಾಟಿಂಗ್ ಚೆನ್ನಾಗೇ ಇತ್ತು. ಆದ್ರೆ ಮುಂದಿನ ಮೇ ತಿಂಗಳಿಗೇ ಪಿಚರ್‌ಗಳ ಜೊತೆ ಹೊಂದ್ತಿಲ್ಲ ಅಂತ ಸ್ವಲ್ಪ ದಿನ ಕ್ಯಾಚಿಂಗಿಂದ ತೆಗೆದ್ರು, 2025ಕ್ಕೆ ಫಸ್ಟ್ ಬೇಸ್‌ಗೆ ಕಳಿಸಿದ್ರು. ಫಿಲ್ಲೀಸ್ ಬಲ ಇರೋದೇ ಪಿಚಿಂಗಲ್ಲಿ, ವೀಲರ್, ಕ್ರಿಸ್ಟೋಫರ್ ಸಾಂಚೆಜ್ ಅಂಥೋರು ವರ್ಷಗಟ್ಲೆ ಇವನ ಗ್ಲೌವಿಗೇ ಎಸೆದು ಬಂದೋರು, ವೀಲರ್ ಅಂತೂ ಆಪರೇಷನ್ ಆಗಿ ವಾಪಸ್ ಬರ್ಬೇಕು, ಇಂಥಾ ವರ್ಷದಲ್ಲಿ ಹಿಂದೆ ಕೂರೋನನ್ನ ಬದಲಾಯಿಸೋದು ದೊಡ್ಡ ತಪ್ಪು.

ಇನ್ನೊಂದು ವಿಷ್ಯ ಜನ ಅಷ್ಟಾಗಿ ಮಾತಾಡ್ತಿಲ್ಲ. ಅಂಚಿನ ಬಾಲನ್ನ ಗ್ಲೌವಲ್ಲಿ ಮೆತ್ತಗೆ ಒಳಗೆ ತಂದು ಅಂಪೈರ್‌ಗೆ ಸ್ಟ್ರೈಕ್ (ಸರಿಯಾದ ಜಾಗಕ್ಕೆ ಬಂದ ಬಾಲ್) ಅನ್ನಿಸೋ ಕಲೆಲಿ, ಅಂದ್ರೆ ಫ್ರೇಮಿಂಗಲ್ಲಿ, ಇವನು ಇತ್ತೀಚೆಗೆ ಹಿಂದೆ ಬಿದ್ದಿದಾನೆ, ನಿಜ. ಆದ್ರೆ 2026ರಿಂದ ಅಂಪೈರ್ ಕೊಟ್ಟ ಸ್ಟ್ರೈಕ್ ತೀರ್ಪನ್ನ ಚಾಲೆಂಜ್ ಮಾಡೋ ಸಿಸ್ಟಮ್ ಬರ್ತಿದೆ, ಟೀಮಿಗೆ ಎರಡು ಚಾಲೆಂಜ್, ಸರಿಯಾದ್ರೆ ಅದು ಕೈಲೇ ಉಳಿಯುತ್ತೆ, ಕೇಳೋ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್‌ಗೆ ಮಾತ್ರ, ಡಗ್‌ಔಟ್ ಕಡೆ ನೋಡೋ ಹಾಗಿಲ್ಲ. ಅಲ್ಲಿಗೆ ಫ್ರೇಮಿಂಗ್ ಬೆಲೆ ಒಂದಿಷ್ಟು ಇಳಿಯುತ್ತೆ, ಸ್ಟ್ರೈಕ್ ಝೋನ್ (ಆ ಸರಿಯಾದ ಜಾಗ) ಚೆನ್ನಾಗಿ ಗೊತ್ತಿರೋ ಹಳಬನ ಬೆಲೆ ಏರುತ್ತೆ.

ಹಾಗಂತ ಕೇಳಿದಷ್ಟು ವರ್ಷ ಕೊಡಿ ಅಂತಿಲ್ಲ. ಮಿನ್ನೆಸೋಟ ಟೀಮಿನವ್ರು 2010ರಲ್ಲಿ ತಮ್ಮ ಕ್ಯಾಚರ್ ಜೋ ಮಾವರ್‌ಗೆ 8 ವರ್ಷಕ್ಕೆ 18 ಕೋಟಿ 40 ಲಕ್ಷ ಡಾಲರ್ ಬರೆದುಕೊಟ್ರು, 2013ರ ಆಗಸ್ಟಲ್ಲಿ ಫೌಲ್ ಟಿಪ್ (ಬ್ಯಾಟ್ ಸವರಿ ಹಿಂದಕ್ಕೆ ಬಂದ ಬಾಲ್) ಬಡಿದು ತಲೆಗೆ ಏಟಾಯ್ತು, ಆಮೇಲಿನ ಐದು ಸೀಸನ್ ಅವನು ಫಸ್ಟ್ ಬೇಸಲ್ಲೇ ಆಡಿದ. ಆಗ ಅವನಿಗೆ ಬರೀ 30 ವರ್ಷ. ಕ್ಯಾಚರ್ ಮೈ ಯಾವತ್ತು ಕೈ ಕೊಡುತ್ತೋ ಹೇಳೋಕಾಗಲ್ಲ. ಜೊತೆಗೆ ಲಕ್ಷುರಿ ಟ್ಯಾಕ್ಸ್ (ಆಟಗಾರರ ಸಂಬಳದ ಮೊತ್ತ ಮಿತಿ ದಾಟಿದ್ರೆ ಟೀಮು ಲೀಗಿಗೆ ಕಟ್ಟೋ ತೆರಿಗೆ) ಇದೆ, ಫಿಲ್ಲೀಸ್ ಥರ ವರ್ಷಾ ವರ್ಷಾ ಮಿತಿ ದಾಟೋ ಟೀಮು ಮೇಲಿನ ಹಂತಕ್ಕೆ ಹೋದ್ರೆ ಅಲ್ಲಿಂದ ಪ್ರತಿ ಡಾಲರ್‌ಗೂ 1 ಡಾಲರ್ 10 ಸೆಂಟ್ ಟ್ಯಾಕ್ಸ್ ಕಟ್ಬೇಕು.

ಆದ್ರೆ ನಮ್ಮ ಟೀಮಲ್ಲೇ ಬರೀ ಬ್ಯಾಟ್ ಮಾಡೋ ಶ್ವಾರ್ಬರ್‌ಗೆ ಇದೇ ತಿಂಗಳು 5 ವರ್ಷ, 15 ಕೋಟಿ ಡಾಲರ್ ಕೊಟ್ಟಾಗ ಯಾರೂ ತಡೀಲಿಲ್ಲ, ಅದು ಸರಿನೇ, ನಂಗೂ ಖುಷಿ. ಹಾಗಿದ್ಮೇಲೆ ಕ್ಯಾಚರ್ ಹತ್ರ ಜಿಪುಣತನ ಯಾಕೆ? ಎರಡು ವರ್ಷ ಗ್ಯಾರಂಟಿ ಕೊಡಿ, ಹಠ ಹಿಡಿದ್ರೆ ಮೂರು, ವರ್ಷಕ್ಕೆ ಒಂದೂವರೆ ಕೋಟಿ ಡಾಲರ್ ಸುತ್ತಮುತ್ತ. ಮತ್ತೆ ಮ್ಯಾನೇಜರ್ ರಾಬ್ ಥಾಮ್ಸನ್ ಅವ್ರು ಬದಲಿ ಕ್ಯಾಚರ್ ಮಾರ್ಚಾನ್‌ಗೆ ವಾರಕ್ಕೆ ಎರಡು ಮ್ಯಾಚಾದ್ರೂ ಕೊಡ್ಬೇಕು, ಜುಲೈ ಬಿಸಿಲಲ್ಲೇ ಇವನ ಮಂಡಿ ಸವೆಸಿಬಿಟ್ರೆ ಅಕ್ಟೋಬರ್‌ಗೆ ಯಾರನ್ನ ಕೂರಿಸ್ತೀರಾ?

ಇತಿ,
ನಿಮ್ಮ ಓದುಗ
ಚೆರಿ ಹಿಲ್, ನ್ಯೂಜೆರ್ಸಿ